ಕಾಗದ ಕಳಿಸುವವರ ಸಮಾಜಸೇವೆ ವಿಳಾಸದ ಪಟ್ಟಿಯಿಂದಲೇ ಶುರುವಾಗಬೇಕು

ಮಾನ್ಯ ಸಂಪಾದಕರೇ,

ಕಂಪನಿಗಳ ಸಮಾಜಸೇವೆ ಬಗ್ಗೆ ನಿಮ್ಮ ವಾಚಕರ ಅಂಕಣದಲ್ಲಿ ಪತ್ರಗಳು ಬರುತ್ತಲೇ ಇವೆ. ಅದರಲ್ಲಿ ಒಬ್ಬರು ಅಂಚೆಯಲ್ಲಿ ಜಾಹೀರಾತು ಕಳಿಸುವವರನ್ನೂ ಸೇರಿಸಿಕೊಂಡು, ಮನೆಮನೆಗೆ ಕಸ ಹಂಚುವವರು ಯಾವ ಬಾಯಲ್ಲಿ ಸೇವೆಯ ಮಾತಾಡುತ್ತಾರೆ ಎಂದು ಕೇಳಿದ್ದರು. ನಾನು ಅಂಥದ್ದೇ ಒಂದು ಸಣ್ಣ ಡೈರೆಕ್ಟ್ ಮೇಲ್ ಕಂಪನಿಯಲ್ಲಿ ಕೆಲಸ ಮಾಡುವವಳು. ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಇಷ್ಟು. ಒಂದು ಸಂಸ್ಥೆಯವರು ತಮ್ಮ ಸದಸ್ಯರಿಗೋ ಗ್ರಾಹಕರಿಗೋ ಕಾಗದ ಕಳಿಸಬೇಕು ಅಂತಿಟ್ಟುಕೊಳ್ಳಿ. ಅವರು ವಿಷಯ ಕೊಡುತ್ತಾರೆ, ವಿಳಾಸದ ಪಟ್ಟಿ ಕೊಡುತ್ತಾರೆ. ಆಮೇಲಿನದ್ದೆಲ್ಲ ನಮ್ಮದು. ಪಟ್ಟಿ ಸರಿಮಾಡುವುದು, ಒಬ್ಬೊಬ್ಬರ ಹೆಸರು ಹಾಕಿ ಪ್ರಿಂಟ್ ತೆಗೆಯುವುದು, ಮಡಚುವುದು, ಕವರಿಗೆ ತುಂಬುವುದು, ಅಂಟಿಸುವುದು, ಪಿನ್ ಕೋಡ್ ಪ್ರಕಾರ ವಿಂಗಡಿಸಿ ಬಂಡಲ್ ಕಟ್ಟಿ ಅಂಚೆಗೆ ಒಪ್ಪಿಸುವುದು. ದೊಡ್ಡ ಕಂಪನಿಗಳಲ್ಲಿ ಇದಕ್ಕೆಲ್ಲ ಬೇರೆ ಬೇರೆ ವಿಭಾಗ ಇರುತ್ತದೆ. ನಮ್ಮಲ್ಲಿ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತು ಹೆಸರು ತಿದ್ದಿದವರೇ ಮಧ್ಯಾಹ್ನ ಫೋಲ್ಡಿಂಗ್ ಮಷಿನ್ ಹತ್ತಿರ ನಿಂತಿರುತ್ತಾರೆ. ಸಂಜೆ ಬಂಡಲ್ ಹೊರುವಾಗ ಮಾಲೀಕರೂ ಕೈ ಹಾಕುತ್ತಾರೆ.

ಹೊರಗಿನಿಂದ ನೋಡಿದರೆ ಸುಮ್ನೆ ಕವರ್ ತುಂಬುವ ಕೆಲಸ ಅನಿಸಬಹುದು. ಒಳಗೆ ಬಂದು ನೋಡಿದರೆ ಗೊತ್ತಾಗುತ್ತದೆ. ಎ4 ಹಾಳೆಯ ಉದ್ದ 297 ಮಿಲಿಮೀಟರ್, ಮೂರು ಮಡಿಕೆ ಮಾಡಿದರೆ 99. ಅದು ಹೋಗುವ ಉದ್ದನೆಯ ಕವರಿನ ಎತ್ತರ 110. ಅಂದರೆ ಹಾಳೆಗೆ ಒಳಗೆ 11 ಮಿಲಿಮೀಟರ್ ಜಾರಾಡಲು ಜಾಗ ಇದೆ. ಒಳಗಿನ ಹಾಳೆಯ ವಿಳಾಸ ಹೊರಗೆ ಕಾಣುವ ಹಾಗೆ ಕಿಟಕಿ ಇರುವ ಕವರ್ ಆದರೆ ಇಷ್ಟು ಜಾಗವೇ ತೊಂದರೆ ಕೊಡುತ್ತದೆ. ಹಾಳೆ ಕೆಳಗೆ ಜಾರಿದರೆ ವಿಳಾಸದ ಕೊನೆಯ ಸಾಲು, ಅದೂ ಪಿನ್ ಕೋಡ್ ಇರುವ ಸಾಲು, ಅಂಚಿನ ಹಿಂದೆ ಅಡಗುತ್ತದೆ. ಮೇಲೆ ಜಾರಿದರೆ ವಿಳಾಸದ ಕೆಳಗೆ ಅಚ್ಚಾದ ಬಾಕಿಯ ವಿವರವೋ ದೇಣಿಗೆಯ ಮೊತ್ತವೋ ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಅದಕ್ಕೇ ಪ್ರತಿ ಸಲ ಹೊಸ ಕೆಲಸ ಶುರುವಾದಾಗ ಮೊದಲ ಕೆಲವು ಕವರ್‌ಗಳನ್ನು ಕೈಯಲ್ಲಿ ಹಿಡಿದು ನಾಲ್ಕೂ ಅಂಚನ್ನು ಮೇಜಿಗೆ ಕುಟ್ಟಿ ಕುಟ್ಟಿ ನೋಡುತ್ತೇವೆ, ವಿಳಾಸ ಪೂರ್ತಿ ಕಾಣಬೇಕು, ಬೇರೇನೂ ಕಾಣಬಾರದು. ಆಗದಿದ್ದರೆ ವಿಳಾಸದ ಜಾಗ ಬದಲಿಸಿ ಮತ್ತೆ ಪ್ರಿಂಟ್.

ಈಗ ಕಸದ ವಿಷಯಕ್ಕೆ ಬರುತ್ತೇನೆ.

ಬೇಡದವರಿಗೆ ಹೋದ ಕಾಗದ ಕಸವೇ. ತಪ್ಪು ವಿಳಾಸಕ್ಕೆ ಹೋದದ್ದೂ ಕಸವೇ. ಒಂದೇ ಮನೆಗೆ ಒಬ್ಬರದೇ ಹೆಸರಿನಲ್ಲಿ ಮೂರು ಕವರ್ ಹೋದರೆ ಎರಡು ಕಸ. ಪಟ್ಟಿಯಲ್ಲಿ ಅವರ ಇನಿಶಿಯಲ್ ಒಂದು ಕಡೆ ಮುಂದಿರುತ್ತದೆ, ಇನ್ನೊಂದು ಕಡೆ ಹಿಂದಿರುತ್ತದೆ, ಮೂರನೇ ಕಡೆ ಸ್ಪೆಲ್ಲಿಂಗೇ ಬೇರೆ, ಕಂಪ್ಯೂಟರ್ ಮೂವರು ಬೇರೆ ಬೇರೆ ಜನ ಅಂದುಕೊಳ್ಳುತ್ತದೆ. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ 40-40-20 ಅನ್ನುವ ಲೆಕ್ಕವೊಂದಿದೆ, ಅಮೆರಿಕದ ಡೈರೆಕ್ಟ್ ಮೇಲ್ ಪರಿಣತ ಎಡ್ ಮೇಯರ್ ಹೇಳಿದ್ದು. ಕಾಗದಕ್ಕೆ ಬರುವ ಉತ್ತರದಲ್ಲಿ 40 ಪಾಲು ಯಾರಿಗೆ ಕಳಿಸಿದ್ದೀರಿ ಅನ್ನುವುದರ ಮೇಲೆ, 40 ಪಾಲು ಏನು ಕೊಡುತ್ತೀರಿ ಅನ್ನುವುದರ ಮೇಲೆ, ಚಂದದ ಚಿತ್ರ, ಬಣ್ಣ, ಬರವಣಿಗೆ ಎಲ್ಲ ಸೇರಿ ಬರೀ 20. ಹಾಗಿದ್ದರೂ ಎಷ್ಟೋ ಸಂಸ್ಥೆಯವರು ಬಣ್ಣದ ಬಗ್ಗೆ ವಾರಗಟ್ಟಲೆ ಚರ್ಚೆ ಮಾಡಿ ಪಟ್ಟಿಯನ್ನು ಕೊನೆಯ ದಿನ ಕಳಿಸುತ್ತಾರೆ. ಕಸ ಹುಟ್ಟುವುದು ಅಲ್ಲೇ.

ನಮ್ಮಂಥ ಕಂಪನಿ ಊರಿಗೆ ಮೊದಲು ಕೊಡಬೇಕಾದ್ದು ಚೆಕ್ಕಲ್ಲ, ಶುದ್ಧವಾದ ಪಟ್ಟಿ. ಇದು ನನ್ನ ಗಟ್ಟಿ ಅಭಿಪ್ರಾಯ. ಒಮ್ಮೆ ಒಬ್ಬ ವಯಸ್ಸಾದ ಹೆಂಗಸು ಫೋನ್ ಮಾಡಿದ್ದರು. ಅವರ ಯಜಮಾನರು ತೀರಿಕೊಂಡು ತುಂಬಾ ದಿನ ಆಗಿತ್ತು. ಅವರು ದೇಣಿಗೆ ಕೊಡುತ್ತಿದ್ದ ಸಂಸ್ಥೆಯೊಂದರ ಕಾಗದ ಮಾತ್ರ ಅವರ ಹೆಸರಿಗೇ ಬರುತ್ತಿತ್ತು. ಆಕೆ ಸಂಸ್ಥೆಗೆ ತಿಳಿಸಿದ್ದರಂತೆ, ಯಾರೂ ಪಟ್ಟಿ ತಿದ್ದಿರಲಿಲ್ಲ. ಕವರ್ ಹಿಂದೆ ನಮ್ಮ ನಂಬರ್ ಕಂಡು ನಮಗೆ ಮಾಡಿದರು. ಕೋಪ ಮಾಡಿಕೊಳ್ಳಲಿಲ್ಲ. ಅವರ ಹೆಸರು ತೆಗೆದು ನನ್ನ ಹೆಸರಿಗೆ ಕಳಿಸಿ, ಅವರು ಕೊಡುತ್ತಿದ್ದದ್ದನ್ನು ನಾನು ಕೊಡುತ್ತೇನೆ ಅಂದರು. ಇಂಥ ತಿದ್ದುಪಡಿ ಬಂದಾಗ ನಾವು ಅದನ್ನು ಬರೆದಿಟ್ಟುಕೊಂಡು ಸಂಸ್ಥೆಗೂ ಕಳಿಸುತ್ತೇವೆ, ತಿದ್ದಿದ್ದಾರಾ ಅಂತ ಮುಂದಿನ ಪಟ್ಟಿಯಲ್ಲಿ ನೋಡುತ್ತೇವೆ. ವಾಪಸ್ ಬಂದ ಕವರ್‌ಗಳದ್ದೂ ಅದೇ ಕಥೆ. ಮನೆ ಬದಲಾಗಿದೆ, ಬಾಗಿಲು ಹಾಕಿದೆ, ಅಂಥವರಿಲ್ಲ, ಹೀಗೆ ಕಾರಣ ನೋಡಿ ಒಂದೊಂದಾಗಿ ಪಟ್ಟಿಗೆ ಏರಿಸಬೇಕು. ಬೇಸರದ ಕೆಲಸ ಇದು, ಯಾರೂ ಬಿಲ್ಲಿನಲ್ಲಿ ಇದಕ್ಕೆ ದುಡ್ಡು ಕೊಡುವುದಿಲ್ಲ. ಸಣ್ಣ ಸಂಘಗಳಿಗೆ ನಾವು ಮಾಡುವ ದೊಡ್ಡ ಉಪಕಾರ ಇದೇ ಎಂದು ನನಗನಿಸುತ್ತದೆ.

ಬೇಡ ಅಂದವರ ಪಟ್ಟಿ ಅಂತ ಇನ್ನೊಂದು ಇದೆ. ನನಗೆ ಕಳಿಸಬೇಡಿ ಅಂತ ಯಾರಾದರೂ ಹೇಳಿದರೆ ಹೆಸರು ಪೂರ್ತಿ ಅಳಿಸಿಬಿಟ್ಟರೆ ಸಾಲದು. ಮುಂದಿನ ಸಲ ಬೇರೆ ಪಟ್ಟಿಯಲ್ಲಿ ಅದೇ ಹೆಸರು ಮತ್ತೆ ಬರುತ್ತದೆ, ತಡೆಯಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಹಾಗಾಗಿ ಕಳಿಸಬಾರದು ಅನ್ನುವುದಕ್ಕೋಸ್ಕರವೇ ಹೆಸರು ಇಟ್ಟುಕೊಳ್ಳಬೇಕು. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ, ಜನರ ಸ್ವಂತ ಮಾಹಿತಿಯನ್ನು ಕಾಪಾಡುವ ಜಿಡಿಪಿಆರ್ ಕಾನೂನಿನ ಪ್ರಕಾರ ಒಬ್ಬರು ಬೇಡ ಅಂದಮೇಲೆ ಅವರಿಗೆ ಪ್ರಚಾರದ ಕಾಗದ ಕಳಿಸುವ ಹಾಗೇ ಇಲ್ಲ. ಕಾನೂನು ಇರಲಿ ಬಿಡಲಿ, ಬೇಡ ಅಂದವರ ಬಾಗಿಲು ತಟ್ಟುವುದು ಮರ್ಯಾದೆ ಅಲ್ಲ, ಅಲ್ವಾ?

ಊರಿನ ಕೆಲಸ ಅಂತ ನಾವು ಬೇರೆ ಏನು ಮಾಡುತ್ತೇವೆ? ಮಷಿನ್ ಖಾಲಿ ಇರುವ ಹೊತ್ತಿನಲ್ಲಿ ರಕ್ತದಾನ ಶಿಬಿರದ ಸೂಚನೆ, ಗ್ರಂಥಾಲಯದ ಸದಸ್ಯರಿಗೆ ಕಾಗದ, ಶಾಲೆಯ ಹಳೆ ವಿದ್ಯಾರ್ಥಿಗಳಿಗೆ ಆಹ್ವಾನ, ಇಂಥವನ್ನು ಖರ್ಚಿನ ಮಟ್ಟಕ್ಕೆ ಮಾಡಿಕೊಡುತ್ತೇವೆ. ಸಲಹೆಗೆ ದುಡ್ಡಿಲ್ಲ. ಅದರ ಬೆಲೆ ಕಡಿಮೆಯೇನಲ್ಲ. ಮಾಮೂಲಿ 80 ಜಿಎಸ್‌ಎಂ ಕಾಗದದ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ, ಎ4 ಹಾಳೆ 5 ಗ್ರಾಂ ತೂಗುತ್ತದೆ. ಅಂಚೆ ದರದ ಮೊದಲ ಮಿತಿ ಬಹಳ ಕಡೆ 20 ಗ್ರಾಂ. ಸಂಘದವರು ಪ್ರೀತಿಯಿಂದ ನಾಲ್ಕು ಹಾಳೆ ಬರೆದು ತಂದರೆ ಅಲ್ಲಿಗೇ 20 ಆಯಿತು, ಕವರ್ ಸೇರಿದ ಕೂಡಲೇ ದರ ಮೇಲಕ್ಕೆ ಹೋಗುತ್ತದೆ. ಎರಡು ಹಾಳೆಯ ಎರಡೂ ಬದಿ ಪ್ರಿಂಟ್ ಮಾಡಿಸಿ ಅಂತ ಹೇಳುವುದಕ್ಕೆ ನಮಗೆ ಒಂದು ನಿಮಿಷ ಬೇಕು, ಅಷ್ಟೇ. ಒಂದು ಬದಿ ಖಾಲಿ ಉಳಿದ ಟ್ರಯಲ್ ಹಾಳೆಗಳನ್ನು ಕತ್ತರಿಸಿ ಅಂಟಿಸಿ ಬರೆಯುವ ಪ್ಯಾಡ್ ಮಾಡಿ ಶಾಲೆಗೆ ಕೊಡುತ್ತೇವೆ. ಹೆಸರು ವಿಳಾಸ ಅಚ್ಚಾದ ಒಂದು ಹಾಳೆಯನ್ನೂ ಕೊಡುವುದಿಲ್ಲ, ಅವನ್ನು ಚೂರು ಮಾಡಿಯೇ ಹೊರಗೆ ಬಿಡುವುದು.

ನನಗೆ ಹೆಚ್ಚು ಹೆಮ್ಮೆ ಇರುವುದು ಕೈಯಲ್ಲಿ ತುಂಬುವ ಕೆಲಸದ ಬಗ್ಗೆ. ದಪ್ಪ ಕಾರ್ಡು, ಬೀಜದ ಪೊಟ್ಟಣ, ರಿಬ್ಬನ್ ಕಟ್ಟಿದ್ದು, ಇಂಥವು ಮಷಿನ್ನಿಗೆ ಹೋಗುವುದಿಲ್ಲ. ಈ ಕೆಲಸವನ್ನು ನಾವು ಬುದ್ಧಿಮಾಂದ್ಯ ಯುವಕ ಯುವತಿಯರ ತರಬೇತಿ ಕೇಂದ್ರವೊಂದಕ್ಕೆ ಕೊಡುತ್ತೇವೆ. ಬೇರೆಯವರಿಗೆ ಒಂದು ಕವರಿಗೆ ಎಷ್ಟು ಕೊಡುತ್ತೇವೋ ಅವರಿಗೂ ಅಷ್ಟೇ. ಅಲ್ಲಿನ ಶಿಕ್ಷಕಿ ಒಂದು ಹಲಗೆ ಮಾಡಿಸಿದ್ದಾರೆ. ಅದರ ಮೇಲೆ ಕಾಗದ, ಕಾರ್ಡು, ಮರುಉತ್ತರದ ಕವರ್, ಮೂರರ ಅಳತೆಗೆ ಬಣ್ಣದ ಚೌಕ ಬರೆದಿದೆ. ಮೂರೂ ಚೌಕ ತುಂಬಿದ ಮೇಲೆಯೇ ಎತ್ತಿ ಕವರಿಗೆ ಹಾಕುವುದು. ಒಂದು ಬಿಟ್ಟುಹೋದರೆ ಖಾಲಿ ಚೌಕ ಕಣ್ಣಿಗೆ ಹೊಡೆಯುತ್ತದೆ. ಆ ಹಲಗೆ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ನಮ್ಮ ಮೇಜುಗಳ ಮೇಲೂ ಈಗ ಅದೇ ಇದೆ. ಇದನ್ನು ದಾನ ಅಂತ ಯಾರಾದರೂ ಕರೆದರೆ ನನಗೆ ಒಪ್ಪಿಗೆ ಇಲ್ಲ. ಕೆಲಸ ಮಾಡಿದ್ದಾರೆ, ಕೂಲಿ ತಗೊಂಡಿದ್ದಾರೆ.

ಅಂಚೆಗೂ ಊರಿನ ಕೆಲಸಕ್ಕೂ ನಂಟು ಹೊಸದಲ್ಲ. ಡೆನ್ಮಾರ್ಕಿನ ಐನಾರ್ ಹೋಲ್‌ಬೋಲ್ ಎಂಬ ಅಂಚೆ ನೌಕರರು ಕ್ರಿಸ್‌ಮಸ್ ಶುಭಾಶಯದ ರಾಶಿ ವಿಂಗಡಿಸುತ್ತಾ, ಪ್ರತಿ ಕವರಿಗೂ ಅಂಚೆ ಚೀಟಿಯ ಜೊತೆ ಇನ್ನೊಂದು ಸಣ್ಣ ಚೀಟಿ ಅಂಟಿಸಿದರೆ ಕ್ಷಯ ಬಂದ ಮಕ್ಕಳಿಗೆ ಹಣ ಸೇರುತ್ತದಲ್ಲ ಅಂತ ಯೋಚಿಸಿದರು. ಮೊದಲ ವರ್ಷವೇ, ಅಂದರೆ 1904ರಲ್ಲಿ, 40 ಲಕ್ಷಕ್ಕೂ ಜಾಸ್ತಿ ಚೀಟಿ ಮಾರಾಟವಾದವು. 1907ರಲ್ಲಿ ಎಮಿಲಿ ಬಿಸ್ಸೆಲ್ ಅದನ್ನು ಅಮೆರಿಕದಲ್ಲೂ ಶುರು ಮಾಡಿದರು. ಹೋಲ್‌ಬೋಲ್ ದೊಡ್ಡ ಉದ್ಯಮಿ ಅಲ್ಲ, ಬಂಡಲ್ ವಿಂಗಡಿಸುವ ಮನುಷ್ಯ. ತಾನು ದಿನಾ ಮುಟ್ಟುವ ಕವರಿನಲ್ಲೇ ಅವರಿಗೆ ದಾರಿ ಕಂಡಿತು.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕಸುಬಿನವರು ತುಂಬಾ ಜಾಗ್ರತೆ ಇರಬೇಕು. ಸೇವಾ ಸಂಸ್ಥೆ ನಮ್ಮನ್ನು ನಂಬಿ ದಾನಿಗಳ ಹೆಸರು ಕೊಟ್ಟಿರುತ್ತದೆ. ಯಾರು ಎಷ್ಟು ಕೊಟ್ಟರು ಅನ್ನುವುದೂ ಅದರಲ್ಲಿರುತ್ತದೆ. ಆ ಹೆಸರುಗಳ ಮೇಲೆ ಕಣ್ಣು ಹಾಕುವ ವ್ಯಾಪಾರಿಗಳು ಇದ್ದೇ ಇದ್ದಾರೆ. ಒಂದು ಪಟ್ಟಿಯನ್ನು ಇನ್ನೊಬ್ಬರಿಗೆ ಕೊಡುವುದು ಕಳ್ಳತನ, ಅದಕ್ಕೆ ಬೇರೆ ಹೆಸರಿಲ್ಲ. ನಮ್ಮಲ್ಲಿ ಕೆಲಸ ಮುಗಿದು ವಾಪಸ್ ಕವರ್‌ಗಳ ಲೆಕ್ಕ ಆದಮೇಲೆ ಸಂಸ್ಥೆಯ ಪಟ್ಟಿ ಸಂಸ್ಥೆಗೆ ಹೋಗುತ್ತದೆ, ನಮ್ಮ ಕಂಪ್ಯೂಟರಿನಿಂದ ತೆಗೆಯುತ್ತೇವೆ, ಮೇಲೆ ಹೇಳಿದ ತಿದ್ದುಪಡಿ ಮತ್ತು ಬೇಡ ಅಂದವರ ಹೆಸರು ಬಿಟ್ಟು. ಪುಕ್ಕಟೆ ಕೆಲಸ ಮಾಡಿಕೊಡುತ್ತೇವೆ ಅಂತ ಬಂದವರನ್ನು ಸಂಸ್ಥೆಯವರು ಮೊದಲು ಕೇಳಬೇಕಾದ್ದು ಇದನ್ನೇ. ಪಟ್ಟಿ ಎಲ್ಲಿರುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ. ಉತ್ತರ ತಡವರಿಸಿದರೆ ಆ ಸಹಾಯ ಬೇಡ.

ಕೊನೆಗೆ ಎರಡು ಕೋರಿಕೆ. ಸಂಘ ಸಂಸ್ಥೆಯವರೇ, ಕಾಗದದ ವಿಷಯ ಬರೆಯುವ ಮೊದಲೇ ಪಟ್ಟಿ ತನ್ನಿ, ಕವರಿನ ಮೇಲೆ ವಾಪಸ್ ವಿಳಾಸ ಹಾಕಿಸುವುದನ್ನು ಮರೆಯಬೇಡಿ. ಇನ್ನು ಓದುಗರಿಗೆ, ಆ ಪತ್ರ ಬರೆದವರಿಗೂ ಸೇರಿಸಿ ಹೇಳುತ್ತಿದ್ದೇನೆ, ನಿಮ್ಮ ಮನೆಗೆ ತಪ್ಪು ಹೆಸರಿನ ಕವರ್ ಬಂದರೆ ಒಡೆಯದೆ, ಹರಿಯದೆ, ಮೇಲೆ ‘ಈ ವಿಳಾಸದಲ್ಲಿ ಇಲ್ಲ’ ಅಂತ ಬರೆದು ಪೋಸ್ಟ್‌ಮ್ಯಾನ್ ಕೈಗೆ ಕೊಡಿ. ಕಾಗದವೇ ಬೇಡ ಅಂದರೆ ಅದರ ಮೇಲಿರುವ ನಂಬರಿಗೆ ಫೋನ್ ಮಾಡಿ ಹೇಳಿ. ನಮ್ಮಲ್ಲಿ ಆ ಫೋನ್ ಎತ್ತಿಕೊಂಡವರೇ ಪಟ್ಟಿಯನ್ನೂ ತಿದ್ದುತ್ತಾರೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು