ವಿಷ ಅದರ ಬಾಟಲಿಯಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಮಿಕ್ಕಿದ ಕಳೆನಾಶಕವನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಅದು ವಿಷ ಅಂತ ಪುಟ್ಟ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಪ್ಯಾರಾಕ್ವಾಟ್ ಎಂಬ ಕಳೆನಾಶಕ ಒಂದೇ ಗುಟುಕು ಹೊಟ್ಟೆಗೆ ಹೋದರೂ ಜೀವ ಉಳಿಯುವುದು ಕಷ್ಟ. ಅದಕ್ಕೆ ಪ್ರತಿವಿಷವೇ ಇಲ್ಲ. ದಿನ ಕಳೆದಂತೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ, ಉಸಿರಿಗೆ ಪರದಾಡಬೇಕಾಗುತ್ತದೆ. ನೆನೆದರೇ ಸಂಕಟವಾಗುತ್ತದೆ.

ಮನೆಯೊಳಗೂ ಅಪಾಯವಿದೆ. ಜಾಸ್ತಿ ಸ್ವಚ್ಛವಾಗಲಿ ಎಂದು ಬ್ಲೀಚ್ ಜೊತೆ ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಬೆರೆಸುತ್ತಾರೆ. ಆಗ ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟದ್ದೂ ಇದನ್ನೇ.

ಲೇಬಲ್‌ನ ಹಿಂಬದಿಯ ಸಣ್ಣ ಅಕ್ಷರ ಯಾರು ಓದುತ್ತಾರೆ? ತಯಾರಕರು ಈ ಎರಡು ಎಚ್ಚರಿಕೆಗಳನ್ನು ಮುಂಭಾಗದಲ್ಲೇ ದಪ್ಪಕ್ಷರದಲ್ಲಿ ಅಚ್ಚು ಹಾಕಲಿ.

– ಒಬ್ಬ ಓದುಗ