ಹಿಂದಿನ ಆ್ಯಕ್ಸಲ್ ಆಯ್ಕೆಗೆ ಅಶ್ವಶಕ್ತಿಯ ಲೆಕ್ಕವೊಂದೇ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಕಾರುಗಳಿಗೆ ದೊಡ್ಡ ಎಂಜಿನ್ ಕೂಡಿಸುವ ಹವ್ಯಾಸಿಗಳ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎಂಜಿನ್ ಬಗ್ಗೆ ಲೇಖಕರು ಬರೆದದ್ದರಲ್ಲಿ ನನಗೆ ತಕರಾರಿಲ್ಲ. ಆದರೆ ಅಶ್ವಶಕ್ತಿ 250 ದಾಟಿದ ಮೇಲೆ ವಿದೇಶಿ ಆ್ಯಕ್ಸಲ್ ತರಿಸಲೇಬೇಕು, ಅಷ್ಟು ಹಣವಿಲ್ಲದವರು ಗಟ್ಟಿ ಉಕ್ಕಿನ ಶಾಫ್ಟ್ ಮಾಡಿಸಿ, ತಿರುವಿನಲ್ಲಿ ಎರಡು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಯಾದ ಡಿಫರೆನ್ಷಿಯಲ್‌ಗೆ ವೆಲ್ಡಿಂಗ್ ಹೊಡೆಸಿಕೊಂಡರೆ ಸಾಕು ಎಂಬ ಅರ್ಥದ ಎರಡು ವಾಕ್ಯಗಳು ಕೊನೆಯಲ್ಲಿದ್ದವು. ಪುಣೆಯ ಭೋಸರಿಯಲ್ಲಿ ಮೂವತ್ತು ವರ್ಷ ಗೇರ್ ಕಟಿಂಗ್ ಕೆಲಸ ಮಾಡಿ ನಿವೃತ್ತನಾದ ನನಗೆ ಮೊದಲನೆಯದು ಅನವಶ್ಯಕ ಖರ್ಚಿನ ಸಲಹೆಯಾಗಿಯೂ ಎರಡನೆಯದು ಅಪಾಯದ ಸಲಹೆಯಾಗಿಯೂ ಕಂಡದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಆ್ಯಕ್ಸಲ್ ಮುರಿಯುವುದು ಟಾರ್ಕ್‌ನಿಂದ, ಅಂದರೆ ತಿರುಚುವ ಬಲದಿಂದ. ಎಂಜಿನ್ನಿನ ಟಾರ್ಕ್ 400 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 3.5, ಕ್ರೌನ್ ಪಿನಿಯನ್ನಿನದು (ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಆ್ಯಕ್ಸಲ್ಲಿಗೆ ದಾಟಿಸುವ ದೊಡ್ಡ ಮತ್ತು ಸಣ್ಣ ಗೇರಿನ ಜೋಡಿ) 3.9 ಎಂದಿಟ್ಟುಕೊಂಡರೆ, ಗುಣಿಸಿದಾಗ ಹಿಂದಿನ ಚಕ್ರಗಳ ಬಳಿ 5,460 ನ್ಯೂಟನ್ ಮೀಟರ್ ಆಗುತ್ತದೆ. ಕಾಗದದ ಮೇಲೆ ಇದು ಹೆದರಿಸುವ ಸಂಖ್ಯೆಯೇ. ಆದರೆ ಟೈರು ನೆಲವನ್ನು ಎಷ್ಟು ಕಚ್ಚಿ ಹಿಡಿಯುತ್ತದೆಯೋ ಅಷ್ಟೇ ಭಾರವನ್ನು ಆ್ಯಕ್ಸಲ್ ಹೊರಬೇಕಾಗುತ್ತದೆ. ಅದಕ್ಕಿಂತ ಹೆಚ್ಚು ಬಂದರೆ ಚಕ್ರ ಜಾರಿ ಗಿರಗಿರನೆ ತಿರುಗುತ್ತದೆ. ಹೊರಡುವಾಗ ಹಿಂದಿನ ಚಕ್ರಗಳ ಮೇಲೆ 800 ಕಿಲೋ ಭಾರವಿದ್ದು, ಸಾಧಾರಣ ಟೈರಿನ ಘರ್ಷಣಾಂಕ (ನೆಲ ಕಚ್ಚುವ ಅಳತೆ) 0.9 ಮತ್ತು ಚಕ್ರದ ತ್ರಿಜ್ಯ 30 ಸೆಂಟಿಮೀಟರ್ ಇದ್ದರೆ, ಎರಡೂ ಚಕ್ರ ಸೇರಿ ತಾಳಿಕೊಳ್ಳುವುದು ಸುಮಾರು 2,100 ನ್ಯೂಟನ್ ಮೀಟರ್ ಮಾತ್ರ. ಅದೇ ಕಾರಿಗೆ ನೇರ ದಾರಿಯಲ್ಲಿ ಸ್ವಲ್ಪ ದೂರದ ವೇಗಸ್ಪರ್ಧೆಯಾದ ಡ್ರ್ಯಾಗ್ ಓಟದ ಮೆತ್ತನೆಯ ಅಂಟು ಟೈರು ಹಾಕಿ, ಘರ್ಷಣಾಂಕ 1.5ಕ್ಕೆ ಏರಿ, ಹಿಂದಕ್ಕೆ ವಾಲುವ ಭಾರ 950 ಕಿಲೋ ಆಯಿತೆಂದರೆ ಲೆಕ್ಕ ಸುಮಾರು 4,200ಕ್ಕೆ ಹೋಗಿ ನಿಲ್ಲುತ್ತದೆ. ಎಂಜಿನ್ ಬದಲಾಗಿಲ್ಲ, ಅಶ್ವಶಕ್ತಿ ಒಂದಿಷ್ಟೂ ಹೆಚ್ಚಿಲ್ಲ, ಆದರೂ ಆ್ಯಕ್ಸಲ್ ಮೇಲಿನ ಹೊರೆ ಎರಡರಷ್ಟಾಗಿದೆ. ಆದ್ದರಿಂದ 250 ಎಂಬ ಗೆರೆಗೆ ಆಧಾರವಿಲ್ಲ. ರಸ್ತೆಯ ಟೈರಿನಲ್ಲಿ ಓಡುವ 300 ಅಶ್ವಶಕ್ತಿಯ ಹಗುರ ಕಾರಿನಲ್ಲಿ ಬಾಳಿಕೆ ಬರುವ ಆ್ಯಕ್ಸಲ್, ಅಂಟು ಟೈರಿನ ಮೇಲೆ ಕ್ಲಚ್ಚನ್ನು ಥಟ್ಟನೆ ಬಿಡುವ 200 ಅಶ್ವಶಕ್ತಿಯ ಭಾರದ ಕಾರಿನಲ್ಲಿ ಒಂದೇ ಸಂಜೆಗೆ ತುಂಡಾಗಬಹುದು.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ನನ್ನ ತಂಗಿಯ ಮಗ ಹಳೆಯ ಕಾಂಟೆಸ್ಸಾ ಕಾರೊಂದಕ್ಕೆ ಜಪಾನಿನ ಟರ್ಬೊ ಎಂಜಿನ್ ಕೂಡಿಸಿದ್ದಾನೆ. ಲೋಣಾವಳಾ ಸಮೀಪದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ ನಡೆಯುವಂಥ ಡ್ರ್ಯಾಗ್ ಓಟಗಳಲ್ಲಿ ಓಡಿಸಬೇಕೆಂಬುದು ಅವನ ಹಂಬಲ. ಅಭ್ಯಾಸಕ್ಕೆಂದು ಓಡಿಸಿದ ಮೊದಲ ದಿನವೇ ಬಲಗಡೆಯ ಹಾಫ್ ಶಾಫ್ಟ್, ಅಂದರೆ ಡಿಫರೆನ್ಷಿಯಲ್ಲಿನಿಂದ ಚಕ್ರಕ್ಕೆ ಹೋಗುವ ದಂಡ, ಮುರಿಯಿತು. ಮುರಿದ ಮುಖದ ಮೇಲೆ ಕಪ್ಪೆಚಿಪ್ಪಿನ ಗೆರೆಗಳಂತೆ ಒಂದರೊಳಗೊಂದು ಬಾಗಿದ ಗೆರೆಗಳಿದ್ದವು. ಅದರರ್ಥ, ಬಿರುಕು ಬಹಳ ಹಿಂದೆಯೇ ಹುಟ್ಟಿ ದಿನದಿನಕ್ಕೂ ಬೆಳೆದಿತ್ತು. ಹೊಸ ಎಂಜಿನ್ ಕೊನೆಯ ಏಟು ಕೊಟ್ಟಿತಷ್ಟೆ. ಅವನು ನನ್ನನ್ನು ಕೇಳದೆ ಒಂದು ವರ್ಕ್‌ಶಾಪಿನಲ್ಲಿ ಇಎನ್ 24 ಉಕ್ಕಿನ ಹೊಸ ಶಾಫ್ಟ್ ಮಾಡಿಸಿದ. ಇಎನ್ 24 ಒಳ್ಳೆಯ ಉಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಫ್ಟಿನ ತುದಿಯಲ್ಲಿ ಉದ್ದಕ್ಕೆ ಕೊರೆದ ಸ್ಪ್ಲೈನ್ ಹಲ್ಲುಗಳು ಮುಗಿಯುವ ಜಾಗದಲ್ಲಿ ದುಂಡಗೆ ಇಳಿಸಬೇಕಾದ ಅಂಚನ್ನು ಆ ಕಸಬುದಾರರು ಚೂಪಾಗಿಯೇ ಬಿಟ್ಟಿದ್ದರು. ಮೂರನೆಯ ಓಟಕ್ಕೆ ಶಾಫ್ಟ್ ಸರಿಯಾಗಿ ಅದೇ ಅಂಚಿನಲ್ಲಿ ಮುರಿಯಿತು. ಉಕ್ಕಿನ ಹೆಸರಿಗೆ ಕೊಟ್ಟ ಹಣ ಆ ಒಂದು ಮೂಲೆಯಲ್ಲಿ ನೀರಾಯಿತು.

ಆಮೇಲೆ ನಾವು ಹಿಡಿದ ದಾರಿ, ಭಾರ ಹೊರುವ ವಾಹನದ ಇಡೀ ಆ್ಯಕ್ಸಲ್ಲನ್ನೇ ಹಳೆಯದಾಗಿ ಕೊಂಡು ತರುವುದು. ಮುಂಬಯಿಯ ಕುರ್ಲಾದ ಗುಜರಿಯಲ್ಲಿ, ಅಪಘಾತದಲ್ಲಿ ಮುಂಭಾಗ ಮಾತ್ರ ನುಜ್ಜುಗುಜ್ಜಾಗಿದ್ದ ಒಂದು ಡೀಸೆಲ್ ಎಸ್‌ಯುವಿಯ ಹಿಂದಿನ ಆ್ಯಕ್ಸಲ್ ಸಿಕ್ಕಿತು. ನಮ್ಮ ಹಳೆಯ ಶಾಫ್ಟಿನ ದಪ್ಪ 28 ಮಿಲಿಮೀಟರ್ ಇತ್ತು, ಇದರದು 33. ಐದು ಮಿಲಿಮೀಟರಿನಲ್ಲಿ ಏನಿದೆ ಎನ್ನಬಹುದು. ತಿರುಚುವಿಕೆಯನ್ನು ತಾಳುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುವುದರಿಂದ, ಉಕ್ಕು ಒಂದೇ ಆಗಿದ್ದರೂ ಈ ಐದು ಮಿಲಿಮೀಟರು ಶಾಫ್ಟನ್ನು ಶೇಕಡ 60ಕ್ಕಿಂತ ಹೆಚ್ಚು ಗಟ್ಟಿಯಾಗಿಸುತ್ತದೆ. ಅದರ ಜೊತೆಗೆ ದೊಡ್ಡ ಕ್ರೌನ್ ಚಕ್ರ, ದಪ್ಪ ಹೌಸಿಂಗ್, ದೊಡ್ಡ ಬೇರಿಂಗ್, ಬ್ರೇಕು ಎಲ್ಲವೂ ಒಂದೇ ಬೆಲೆಗೆ ಬರುತ್ತವೆ. ಶಾಫ್ಟನ್ನಷ್ಟೇ ಗಟ್ಟಿ ಮಾಡಿದರೆ ಮುರಿಯುವ ಸರದಿ ಪಿನಿಯನ್ ಹಲ್ಲಿಗೆ ಬರುತ್ತದೆ. ಎರಡೂ ಚಕ್ರಗಳ ಹೊರೆಯನ್ನು ಒಂದೇ ಜಾಗದಲ್ಲಿ ಹೊರುವುದು ಅದೇ ತಾನೆ.

ಅಮೆರಿಕದ ಬಡ ಹವ್ಯಾಸಿಗಳು ಬಹಳ ಕಾಲದಿಂದ ಮಾಡುತ್ತಿರುವುದೂ ಇದನ್ನೇ. ಅಲ್ಲಿನ ಫೋರ್ಡ್ 9 ಇಂಚಿನ ಆ್ಯಕ್ಸಲ್ (ಇಂಚು ಕ್ರೌನ್ ಚಕ್ರದ ವ್ಯಾಸದ ಅಳತೆ) ಮತ್ತು ಡಾನಾ 60 ದೊಡ್ಡ ಹೆಸರಿನವು, ಬೆಲೆಯೂ ಅದಕ್ಕೆ ತಕ್ಕಂತೆ. ಕೈ ಬಿಗಿಯಿದ್ದವರು ಗುಜರಿಗೆ ಹೋಗಿ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಇಂಚಿನ ಆ್ಯಕ್ಸಲ್ ಬಿಚ್ಚಿ ತರುತ್ತಾರೆ. ಅದೇ 8.8 ಇಂಚಿನದು ಮಸ್ಟಾಂಗ್ ಕಾರಿನಲ್ಲಿ ಸಾಮಾನ್ಯವಾಗಿ 28 ಸ್ಪ್ಲೈನಿನ ಶಾಫ್ಟಿನೊಂದಿಗೆ ಬಂದರೆ, ಎಕ್ಸ್‌ಪ್ಲೋರರ್‌ನಲ್ಲಿ 31 ಸ್ಪ್ಲೈನಿನ ದಪ್ಪ ಶಾಫ್ಟ್ ಇರುತ್ತದೆ. 1995ರಿಂದ ಈಚಿನವುಗಳಲ್ಲಿ ಡಿಸ್ಕ್ ಬ್ರೇಕ್ ಕೂಡ ಸಿಗುತ್ತದೆ. ಅದರ ಪಿನಿಯನ್ ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಶಾಫ್ಟ್ ಕೂರುವ ಕೊಳವೆಗಳಲ್ಲಿ ಉದ್ದನೆಯ ಪಕ್ಕದ್ದನ್ನು ಸುಮಾರು 3 ಇಂಚು ಕತ್ತರಿಸಿ, ಅದೇ ಗುಜರಿಯಿಂದ ಇನ್ನೊಂದು ಗಿಡ್ಡ ಶಾಫ್ಟ್ ತಂದು ತೂರಿಸಿದರೆ ಪಿನಿಯನ್ ನಡುವಿಗೂ ಬರುತ್ತದೆ, ಆ್ಯಕ್ಸಲ್ ಕಿರಿದೂ ಆಗುತ್ತದೆ, ಹೊಸ ಶಾಫ್ಟ್ ಕಡೆಸುವ ಖರ್ಚೂ ಉಳಿಯುತ್ತದೆ. ಈ ಜಾಣತನಕ್ಕೆ ನಾನು ತಲೆದೂಗಿದ್ದೇನೆ. ಆದರೆ ಆ ಆ್ಯಕ್ಸಲ್ಲಿನಲ್ಲಿ ಶಾಫ್ಟನ್ನು ಒಳತುದಿಯಲ್ಲಿ ಹಿಡಿದಿಡುವುದು ಇಂಗ್ಲಿಷಿನ ಸಿ ಅಕ್ಷರದ ಆಕಾರದ ಒಂದು ಕ್ಲಿಪ್. ನಮ್ಮ ಊರ ಕಡೆಯ ಎತ್ತಿನ ಗಾಡಿಗೆ ಅಚ್ಚಿನ ತುದಿಯ ಕಡೆಗೀಲು ಹೇಗೋ ಇದಕ್ಕೆ ಈ ಕ್ಲಿಪ್ ಹಾಗೆ. ಶಾಫ್ಟ್ ತುಂಡಾದರೆ ಚಕ್ರವೇ ಹೊರಗೆ ಸರಿದು ಬರಬಹುದು. ಓಟಕ್ಕೆ ಇಳಿಯುವವರು ಅದನ್ನು ತೆಗೆಸಿ ಹೊರತುದಿಯಲ್ಲಿ ಬೇರಿಂಗ್ ಬಳಿಯೇ ಬಿಗಿಯುವ ವ್ಯವಸ್ಥೆ ಮಾಡಿಸಿಕೊಳ್ಳುತ್ತಾರೆ.

ನಮ್ಮ ಹುಡುಗನ ಕೈಯಲ್ಲಿ 60 ಸಾವಿರ ರೂಪಾಯಿ ಇತ್ತು. ಅದರಲ್ಲಿ 25 ಸಾವಿರಕ್ಕಿಂತ ಹೆಚ್ಚನ್ನು ಆ್ಯಕ್ಸಲ್ಲಿಗೆ ಕೊಡಕೂಡದು, ಉಳಿದದ್ದು ಅಳತೆಗೆ ಮತ್ತು ಜೋಡಣೆಗೆ ಎಂದು ಮೊದಲೇ ಹೇಳಿಬಿಟ್ಟೆ. ಅವನಿಗೆ ಇದು ಜಿಪುಣತನವೆನಿಸಿತು. ಡ್ರಮ್ಮಿನ ಮುಖದಿಂದ ಮುಖಕ್ಕೆ ಅಳೆದಾಗ ತಂದ ಆ್ಯಕ್ಸಲ್ 40 ಮಿಲಿಮೀಟರ್ ಅಗಲವಾಗಿತ್ತು; ಪಕ್ಕಕ್ಕೆ ಇಪ್ಪತ್ತರಂತೆ ಚಕ್ರವನ್ನು ಒಳಕ್ಕೆ ಸರಿಸುವ ರಿಮ್ಮಿನ ಆಫ್‌ಸೆಟ್‌ನಲ್ಲಿ ಅದನ್ನು ಸರಿದೂಗಿಸಿದೆವು. ಚಕ್ರದ ಐದು ಬೋಲ್ಟುಗಳ ವೃತ್ತ 139.7 ಮಿಲಿಮೀಟರಿನದಾದ್ದರಿಂದ ಹಿಂದಿನ ರಿಮ್ಮು ಮುಂದೆ ಕೂರುವುದಿಲ್ಲ, ಈಗ ಎರಡು ಬಗೆಯ ಸ್ಟೆಪ್ನಿ ಒಯ್ಯಬೇಕು. ಇಂಥ ಸಣ್ಣ ಕಿರಿಕಿರಿಗಳನ್ನು ಮೊದಲೇ ಎಣಿಸಿಕೊಂಡಿರಬೇಕು. ಹೆಚ್ಚಿನ ಹಣ ಹೋದದ್ದು ಹಳೆಯ ಆಸರೆಗಳನ್ನು ಕತ್ತರಿಸಿ, ಪಿನಿಯನ್ನಿನ ಕೋನ ನೋಡಿ, ಹೊಸ ಆಸರೆಗಳನ್ನು ಬೆಸೆಯುವುದಕ್ಕೆ. ಆಮೇಲೆ ಹೊಸ ಬೇರಿಂಗು, ಸೀಲುಗಳಿಗೆ. ಬೆಸುಗೆಯ ಬಿಸಿಗೆ ಕೊಳವೆ ಬಾಗುತ್ತದೆ. ಅದನ್ನು ನೇರ ಮಾಡದೆ ಶಾಫ್ಟ್ ತೂರಿಸಿದವರು ತಿಂಗಳೊಪ್ಪತ್ತಿನಲ್ಲಿ ಬೇರಿಂಗಿಗೆ ದುಡ್ಡು ತೆರುತ್ತಾರೆ.

ಕ್ರೌನ್ ಮತ್ತು ಪಿನಿಯನ್ ಬಗ್ಗೆ ಒಂದು ಮಾತನ್ನು ನನ್ನ ಕಸಬಿನ ಅಭಿಮಾನದಿಂದಲೇ ಹೇಳುತ್ತೇನೆ. ಅವೆರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದರ ಪಿನಿಯನ್ನನ್ನು ಇನ್ನೊಂದರ ಕ್ರೌನಿಗೆ ಹಾಕಿದರೆ ಅದು ಊಳಿಡದೆ ಇರದು. ಹಲ್ಲುಗಳ ನಡುವಿನ ಸಡಿಲನ್ನು ಡಯಲ್ ಗೇಜಿನಲ್ಲಿ ನೋಡಬೇಕು, ನಮ್ಮದರಲ್ಲಿ 0.18 ಮಿಲಿಮೀಟರಿಗೆ ಕೂಡಿಸಿದೆವು. ಹಲ್ಲಿಗೆ ನೀಲಿ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಮೂಡುವವರೆಗೆ ಶಿಮ್ (ತೆಳುವಾದ ಲೋಹದ ಬಿಲ್ಲೆ) ಬದಲಿಸುತ್ತ ಒಂದು ಇಡೀ ಮಧ್ಯಾಹ್ನ ಕಳೆಯಿತು. ಆ ಮಧ್ಯಾಹ್ನವನ್ನು ಉಳಿಸಲು ಹೋದವರ ಪಿನಿಯನ್ ಹಲ್ಲು ಉದುರಿದ್ದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಎಣ್ಣೆಯೂ ಇಂಥ ಹೈಪಾಯ್ಡ್ ಗೇರಿಗೆ (ಪಿನಿಯನ್ನು ಕ್ರೌನಿನ ನಡುಗೆರೆಯಿಂದ ಸರಿದು ಕೂರುವ ಬಗೆ) ತಕ್ಕ ಜಿಎಲ್-5 ದರ್ಜೆಯದೇ ಆಗಿರಬೇಕು.

ಇನ್ನು ಡಿಫರೆನ್ಷಿಯಲ್‌ಗೆ ವೆಲ್ಡಿಂಗ್ ಹೊಡೆಸುವ ವಿಷಯ. ಒಳಗಿನ ಸಣ್ಣ ಗೇರುಗಳು ಬಿಡಿಯಾಗಿರುವವರೆಗೆ ಎಡಬಲದ ಶಾಫ್ಟುಗಳು ಹೊರೆಯನ್ನು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತವೆ. ಬೆಸೆದ ಮೇಲೆ ಒಂದು ಚಕ್ರ ಮರಳಿನ ಮೇಲಿದ್ದು ಇನ್ನೊಂದು ಗಟ್ಟಿ ನೆಲದ ಮೇಲಿದ್ದರೆ ಬಹುಪಾಲು ಹೊರೆಯೆಲ್ಲ ಒಂದೇ ಶಾಫ್ಟಿನ ಮೇಲೆ ಬೀಳುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಾದರೂ ಓಡಲಾಗದೆ, ಟೈರು ಎಳೆದಾಡಿ ಶಾಫ್ಟನ್ನು ಹಿಂಡುತ್ತದೆ. ಮಳೆಯಲ್ಲಿ ಕಾರಿನ ಹಿಂಭಾಗ ಜಾರಿ ಪಕ್ಕಕ್ಕೆ ತಿರುಗುತ್ತದೆ. ಗಟ್ಟಿ ಆ್ಯಕ್ಸಲ್ ಕೊಳ್ಳಲು ಹಣವಿಲ್ಲದವನಿಗೆ ಅವನ ದುರ್ಬಲ ಆ್ಯಕ್ಸಲ್ ಮೇಲಿನ ಹೊರೆಯನ್ನು ಹೆಚ್ಚಿಸುವ ಉಪಾಯವನ್ನೇ ಲೇಖಕರು ಹೇಳಿಕೊಟ್ಟಂತಾಗಿದೆ.

ಲೇಖನದಲ್ಲಿ ಬಿಟ್ಟುಹೋದ ಕಾನೂನಿನ ಮಾತೂ ಒಂದಿದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿಯ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ; ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ನಮ್ಮ ಕಾಂಟೆಸ್ಸಾ ಈಗ ಓಟದ ಜಾಗಕ್ಕೂ ಟ್ರೇಲರ್ ಮೇಲೆಯೇ ಹೋಗಿಬರುತ್ತದೆ.

ತಮ್ಮ ಪುರವಣಿಯನ್ನು ಓದುವವರಲ್ಲಿ ಪಿಂಪ್ರಿ, ಚಾಕಣ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಹುಡುಗರು ಅನೇಕರಿದ್ದಾರೆ, ವೆಲ್ಡಿಂಗ್ ಯಂತ್ರ ಅವರ ಕೈಗೆಟುಕುವಂತೆಯೇ ಇರುತ್ತದೆ. ಆದ್ದರಿಂದ ವೆಲ್ಡಿಂಗ್ ಕುರಿತ ಆ ವಾಕ್ಯಕ್ಕಾದರೂ ಮುಂದಿನ ಭಾನುವಾರ ಅದೇ ಪುಟದಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಹಳೆಯ ಓದುಗ, ಭೋಸರಿ, ಪುಣೆ