ಉಸುಕು ನೋಡಿದ್ಯಾ?

ಚಿರಂಜೀವಿ ಪ್ರಶಾಂತನಿಗೆ, ಅಜ್ಜನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಬಂತು. ನಾಲ್ಕು ಸಲ ಓದಿದೆ. ಮೊದಲ ಎರಡು ಪುಟ ರೈಲ್ವೆ ಕ್ವಾರ್ಟರ್ಸು, ಊಟ, ಸಕಲೇಶಪುರದ ಮಳೆ. ಅದೆಲ್ಲ ಸರಿ. ಕೊನೆಗೆ ಸಹಿ ಮಾಡುವ ಮುಂಚೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯ. "ಗಾಲಿ ಜಾರಿದಾಗ ನನ್ನ ಕೈ ಆಡಲೇ ಇಲ್ಲ ಅಜ್ಜಾ, ನಾನು ಈ ಕೆಲಸಕ್ಕೆ ಆಗುವವನಲ್ಲ ಅನ್ನಿಸ್ತಿದೆ." ಅದನ್ನು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ. ದಿನಾ ಫೋನಿನಲ್ಲಿ ನಗುತ್ತಾ ಮಾತಾಡುವ ಹುಡುಗ ಇದನ್ನು ಕಾಗದದಲ್ಲಿ ಬರೆದ ಅಂದರೆ, ಎಷ್ಟು ದಿನದಿಂದ ಒಳಗೇ ಇಟ್ಟುಕೊಂಡಿದ್ದನೋ ಅಂತ ಸಂಕಟ ಆಯಿತು. ನಿನ್ನ ಅವ್ವನಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಮನೆಯ ಸುದ್ದಿ ನಿನಗೆ ಗೊತ್ತೇ ಇದೆ. ಆ ಒಂದು ಸಾಲಿಗೆ ಬರುತ್ತೇನೆ.

ತಮ್ಮಾ, ನೀನು ಬರೆದ ಪ್ರಕಾರ ಜಿನುಗು ಮಳೆ, ರಾತ್ರಿ, 50 ಅಡಿಗೆ 1 ಅಡಿ ಏರುವ ದಾರಿ, ಹಿಂದೆ ಭರ್ತಿ ಮಾಲು. ಎಂಜಿನ್ ಕೂಗಿತು, ಗಾಡಿ ನಿಂತಂತಾಯಿತು. ಎಂಜಿನ್ ಓಡಿಸುವ ಪೈಲಟ್ ಸಾಹೇಬರು ನಾಚ್ ಇಳಿಸಿ ಪವರ್ ತಗ್ಗಿಸಿದರು, ಗಾಲಿಗೆ ಹಿಡಿತ ಸಿಗಲಿ ಅಂತ ಹಳಿಯ ಮೇಲೆ ಬಿಡುವ ಉಸುಕು ಬಿತ್ತು, ಸ್ವಲ್ಪ ಹೊತ್ತಿಗೆ ಗಾಡಿ ಮತ್ತೆ ಕದಲಿತು. ಅಷ್ಟೇ ಅಲ್ವಾ ಆಗಿದ್ದು? ಆ ಹೊತ್ತಿನಲ್ಲಿ ಅಸಿಸ್ಟೆಂಟ್ ಆದ ನಿನ್ನ ಕೈ ಆಡದಿದ್ದಕ್ಕೆ ಏನು ಕೆಟ್ಟಿತು, ಹೇಳು. ಗಾಲಿ ಜಾರುವಾಗ ಹೆದರಿಕೆಯಿಂದ ಬಡಬಡ ಆಡಿದ ಕೈಗಳೇ ಜಾಸ್ತಿ ಅನಾಹುತ ಮಾಡಿದ್ದನ್ನು ನಾನು ನೋಡಿದ್ದೇನೆ.

ನಮ್ಮ ಕಾಲದ ಉಗಿ ಎಂಜಿನ್ನಿನಲ್ಲಿ ಇದು ಇನ್ನೂ ಕಷ್ಟವಿತ್ತು. ಮೀಟರ್ ಗೇಜಿನ, ಅಂದರೆ ಒಂದು ಮೀಟರ್ ಅಗಲದ ಹಳಿಯ, ವೈಜಿ ಅನ್ನುವ ಎಂಜಿನ್ನಿನ ಮೇಲೆ ನಾನು ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ಹತ್ತಿದ್ದು. ಎಳೆಯುವ ಗಾಲಿ ಎಂಟು, ಅಂದರೆ ನಾಲ್ಕು ಆಕ್ಸಲ್, ಒಂದೊಂದರ ಮೇಲೆ ಸುಮಾರು 10.5 ಟನ್. ಒಟ್ಟು 42 ಟನ್ ಭಾರ ಹಳಿಯನ್ನು ಒತ್ತುತ್ತಿತ್ತು. ಹಳಿ ಒಣಗಿದ್ದರೆ ಆ ಭಾರದ ಕಾಲುಭಾಗದಷ್ಟು, ಅಂದರೆ 10 ಟನ್ನಿನ ಆಸುಪಾಸು, ಜಾರದೆ ಎಳೆಯಬಹುದು. ಹಳಿ ಜಿಡ್ಡಾದರೆ ಆ ಹಿಡಿತ ಅರ್ಧಕ್ಕೆ ಇಳಿಯುತ್ತದೆ. ಎಂಜಿನ್ ಅದೇ, ಉಗಿ ಅದೇ, ಗಾಡಿಯ ಭಾರವೂ ಅದೇ. ಗಾಲಿಯೂ ಹಳಿಯೂ ತಾಗುವ ಜಾಗ ಒಂದು ನಾಣ್ಯದಷ್ಟು. ಎಲ್ಲ ನಡೆಯುವುದು ಅಲ್ಲಿ.

ನಿಮ್ಮ ಮೋಟರು ಒಂದೇ ಸಮನೆ ತಿರುಗಿಸುತ್ತದೆ. ಉಗಿ ಎಂಜಿನ್ ಹಾಗಲ್ಲ. ಎರಡು ಸಿಲಿಂಡರು, ಒಂದರ ಕ್ರ್ಯಾಂಕು, ಅಂದರೆ ಗಾಲಿ ತಿರುಗಿಸುವ ತೋಳು, ಇನ್ನೊಂದಕ್ಕಿಂತ ಕಾಲು ಸುತ್ತು ಹಿಂದೆ. ಹಾಗಾಗಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ತಳ್ಳುವ ಬಲ ನಾಲ್ಕು ಸಲ ಏರಿ ನಾಲ್ಕು ಸಲ ಇಳಿಯುತ್ತದೆ. ಏರಿದ ಗಳಿಗೆಯಲ್ಲೇ ಜಾರುವುದು. ನಿಧಾನಕ್ಕೆ ಭುಸ್... ಭುಸ್... ಅನ್ನುತ್ತಿದ್ದ ಎಂಜಿನ್ ಒಮ್ಮೆಲೇ ಭುಸಭುಸಭುಸ ಅಂತ ಬೊಬ್ಬೆ ಹೊಡೆಯುತ್ತದೆ, ಕಾಲಡಿಯ ತಗಡು ನಡುಗುತ್ತದೆ, ಚಿಮಣಿಯಿಂದ ಕೆಂಡ ಹಾರುತ್ತದೆ. ಆ ಎಳೆತಕ್ಕೆ ಒಳಗಿನ ಬೆಂಕಿಯ ಹಾಸು ಹರಿದು ತೂತು ಬೀಳುತ್ತದೆ, ತಣ್ಣನೆ ಗಾಳಿ ನುಗ್ಗುತ್ತದೆ, ಉಗಿಯ ಒತ್ತಡ ಇಳಿಯುತ್ತದೆ. ಒಂದು ನಿಮಿಷ ಜಾರಿದರೆ ಬೆಂಕಿ ಸರಿಮಾಡಲು ಹತ್ತು ನಿಮಿಷ.

ಮೊದಲ ಸಲ ಅದನ್ನು ಕೇಳಿದಾಗ ನಾನು ಸಲಿಕೆ ಹಿಡಿದು ಕಂಬದ ಹಾಗೆ ನಿಂತುಬಿಟ್ಟೆ. ಆಗ ನನಗೆ 22. ನಿನಗಿಂತ ಎರಡು ವರ್ಷ ಚಿಕ್ಕವನು.

ನಮ್ಮ ಡ್ರೈವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಜಾರಿದ ಕೂಡಲೇ ಕಾಕಾ ಮಾಡುತ್ತಿದ್ದದ್ದು ಒಂದೇ ಕೆಲಸ, ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ಮುಚ್ಚುವುದು. ಮುಚ್ಚಿದರೂ ತಕ್ಷಣ ನಿಲ್ಲುವುದಿಲ್ಲ. ಉಗಿಯನ್ನು ಇನ್ನೂ ಕಾಯಿಸುವ ಸೂಪರ್‌ಹೀಟರಿನ ಕೊಳವೆಗಳಲ್ಲಿ ಉಳಿದ ಉಗಿ ಸಿಲಿಂಡರಿಗೆ ಹೋಗುತ್ತಲೇ ಇರುತ್ತದೆ, ಅದು ಖಾಲಿಯಾಗುವವರೆಗೆ ಗಾಲಿ ಗಿರಗಿರ ತಿರುಗುತ್ತದೆ. ಅಷ್ಟು ಹೊತ್ತು ಸುಮ್ನೆ ಕಾಯಬೇಕು. ಆಮೇಲೆ ಉಸುಕು. ಆಮೇಲೆ ಮತ್ತೆ ರೆಗ್ಯುಲೇಟರನ್ನು ಕೂದಲೆಳೆಯಷ್ಟು ತೆರೆಯುವುದು. ಗಾಲಿ ತಿರುಗುತ್ತಿರುವಾಗಲೇ ಉಸುಕು ಬಿಟ್ಟರೆ ಅದು ಫಕ್ಕನೆ ಹಿಡಿಯುತ್ತದೆ. ಆ ಏಟಿಗೆ ಗಾಲಿ ಗಾಲಿಯನ್ನು ಜೋಡಿಸುವ ರಾಡು ಬಾಗುತ್ತದೆ, ಪಿನ್ನು ಮುರಿಯುತ್ತದೆ. "ಮೊದಲು ಕೈ ನಿಲ್ಲಬೇಕು, ಆಮೇಲೆ ಗಾಲಿ ನಿಲ್ಲುತ್ತೆ" ಅನ್ನುತ್ತಿದ್ದರು ಕಾಕಾ. ನಿನ್ನ ಕೈ ನಿಂತದ್ದು ಹೆದರಿಕೆಯಿಂದ, ಕಾಕಾನ ಕೈ ನಿಲ್ಲುತ್ತಿದ್ದದ್ದು ತಿಳಿವಳಿಕೆಯಿಂದ, ಆ ವ್ಯತ್ಯಾಸ ನನಗೆ ಗೊತ್ತು. ಆದರೆ ಅವರ ಕೈಯೂ ಮೊದಲ ವರ್ಷ ಹೆದರಿಕೆಯಿಂದಲೇ ನಿಂತಿರಬೇಕು.

ಈಗ ಯಾರಿಗೂ ಹೇಳದ ಒಂದು ಮಾತು ಬರೆಯುತ್ತೇನೆ. ನಿನ್ನ ಅಜ್ಜಿಗೂ ಹೇಳಿರಲಿಲ್ಲ.

1973ರ ಜುಲೈ. ಲೋಂಡಾದಿಂದ ಕ್ಯಾಸಲ್‌ರಾಕ್ ಕಡೆಗೆ ಮಾಲುಗಾಡಿ. ಅಲ್ಲಿಂದ ಕೆಳಗೆ ಗೋವಾದ ಕುಳೆಂಗೆ ಇಳಿಯುವ ಘಟ್ಟ ಇನ್ನೂ ಕಡಿದು, ಸುಮಾರು 40ಕ್ಕೆ 1. ಕೆಳಗಿನಿಂದ ಬರುವ ಗಾಡಿಗೆ ಹಿಂದಿನಿಂದ ತಳ್ಳುವ ಎಂಜಿನ್ ಬೇಕೇ ಬೇಕು. ನಮ್ಮದು ಮೇಲಿನ ಕಾಡಿನ ದಾರಿ, ಅಷ್ಟು ಕಷ್ಟದ್ದಲ್ಲ. ಹೊರಡುವ ಮುಂಚೆ ಕಾಕಾ ದಿನಾ ಕೇಳುವ ಹಾಗೆ ಕೇಳಿದರು, "ಉಸುಕು ನೋಡಿದ್ಯಾ?" ನೋಡಿದೀನಿ ಅಂದೆ. ನೋಡಿರಲಿಲ್ಲ. ಮಳೆ ಸುರಿಯುತ್ತಿತ್ತು, ಮೇಲೆ ಹತ್ತಿ ಪೆಟ್ಟಿಗೆಯ ಮುಚ್ಚಳ ತೆಗೆಯುವುದು ಬೇಸರವಾಗಿತ್ತು. ಅಷ್ಟೇ ಕಾರಣ.

ಶೆಡ್ಡಿನಲ್ಲಿ ಉಸುಕನ್ನು ಒಲೆಯ ಮೇಲೆ ಹುರಿದು ಒಣಗಿಸಿ ಕೊಡುತ್ತಿದ್ದರು. ಹುರಿದ ಉಸುಕು ಬೆರಳ ಸಂದಿಯಲ್ಲಿ ರವೆಯ ಹಾಗೆ ಜಾರುತ್ತದೆ. ಚೂರು ನೀರು ತಾಗಿದರೂ ಮುದ್ದೆಯಾಗಿ ಕೊಳವೆಯಲ್ಲಿ ಕೂತುಬಿಡುತ್ತದೆ. ಅವತ್ತು ಮುಚ್ಚಳ ಅರ್ಧ ತೆರೆದೇ ಇತ್ತು ಅಂತ ಆಮೇಲೆ ಗೊತ್ತಾಯಿತು.

ತಿನೈಘಾಟ್ ದಾಟಿದ ಮೇಲೆ ಮಳೆ ಜಿನುಗಿಗೆ ಇಳಿಯಿತು. ಜೋರು ಮಳೆ ಹಳಿಯನ್ನು ತೊಳೆಯುತ್ತದೆ, ಜಿನುಗು ಮಳೆ ಇರುವ ಎಣ್ಣೆ, ತುಕ್ಕು, ಧೂಳನ್ನು ಕಲಸಿ ಲೇಪ ಮಾಡುತ್ತದೆ. ಅದರ ಮೇಲೆ ಬಿದಿರೆಲೆ ಬಿದ್ದು ಗಾಲಿಗೆ ಸಿಕ್ಕಿ ಅರೆದಿತ್ತು. ಜಾರಿತು. ಕಾಕಾ ಮುಚ್ಚಿದರು, ಕಾದರು, ಉಸುಕಿನ ಹಿಡಿ ಎಳೆದರು. ಏನೂ ಬೀಳಲಿಲ್ಲ. ಅವರು ನನ್ನ ಕಡೆ ತಿರುಗಿ ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ಬೈಯಲಿಲ್ಲ. "ಇಳಿ" ಅಂದರು.

ನಾನು ಇಳಿದು ಸುತ್ತಿಗೆಯಿಂದ ಕೊಳವೆ ಬಡಿದೆ. ಹಸಿ ಮುದ್ದೆ ಒಂದಿಷ್ಟು ಬಿತ್ತು, ಆಮೇಲೆ ಅದೂ ಇಲ್ಲ. ಹಳಿಯ ಮೇಲಿನ ಎಲೆಯನ್ನು ಅಂಗಿಯಿಂದ ಒರೆಸಿದೆ. ಪಕ್ಕದ ಕಲ್ಲುಪುಡಿ ಹಿಡಿ ಹಿಡಿಯಾಗಿ ತಂದು ಹಾಕಿದೆ. ಕಾಕಾ ಗಾಡಿಯನ್ನು ಒಂದಡಿ ಹಿಂದೆ ಬಿಟ್ಟು ಕಪ್ಲಿಂಗು ಸಡಿಲ ಮಾಡಿಕೊಂಡು, ಒಂದೊಂದೇ ವ್ಯಾಗನ್ ಎತ್ತಿಕೊಳ್ಳುವ ಹಾಗೆ ಎಳೆದು ನೋಡಿದರು. ಹತ್ತು ಮಾರು ಹೋಯಿತು, ಮತ್ತೆ ಜಾರಿತು. ಕೊನೆಗೆ ಇನ್ನೊಂದು ಎಂಜಿನ್ ಬರುವವರೆಗೆ ಕಾಡಿನಲ್ಲೇ ನಿಂತೆವು. ಮೂರು ತಾಸು.

ವಿಚಾರಣೆ ಆಯಿತು. ಉಸುಕು ಪರೀಕ್ಷಿಸದೆ ಗಾಡಿ ಹೊರಡಿಸಿದ್ದು ಡ್ರೈವರಿನ ತಪ್ಪು ಅಂತ ಕಾಕಾನ ಒಂದು ವರ್ಷದ ಇಂಕ್ರಿಮೆಂಟ್ ಹೋಯಿತು. ನನ್ನನ್ನು ಕರೆದು ಕೇಳಿದರು. ನನ್ನ ಬಾಯಿ ಆಡಲಿಲ್ಲ, ತಮ್ಮಾ. ಹುಡುಗ ನೋಡಿದೀನಿ ಅಂತ ಹೇಳಿದ್ದ ಅಂತ ಕಾಕಾ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಎಂಜಿನ್ ಹತ್ತುವಾಗ ಎಂದಿನ ಹಾಗೆಯೇ "ಉಸುಕು ನೋಡಿದ್ಯಾ?" ಅಂದರು. ಅವತ್ತಿನಿಂದ ರಿಟೈರ್ ಆಗುವವರೆಗೆ, ಡೀಸೆಲ್ ಎಂಜಿನ್ ಬಂದ ಮೇಲೂ, ನಾನೇ ಕೈ ಹಾಕಿ ನೋಡದೆ ಒಂದು ದಿನವೂ ಹೊರಟಿಲ್ಲ. ಆದರೆ ಕಾಕಾನಿಗೆ ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಳ್ಳಲಿಲ್ಲ. ಇವತ್ತು ನಾಳೆ ಅನ್ನುವುದರೊಳಗೆ ಅವರು ಹೋಗಿಬಿಟ್ಟರು.

ನಿನ್ನ ಕೈ ಆಡಲಿಲ್ಲ ಅಂತ ನೀನು ಮೂರು ವಾರದೊಳಗೆ ಬರೆದೆ. ನನಗೆ ಐವತ್ತು ವರ್ಷ ಹಿಡಿಯಿತು. ಕೆಲಸಕ್ಕೆ ಆಗುವವನು ಯಾರು ಅಂತ ನೀನೇ ಯೋಚನೆ ಮಾಡು. ನಾನು ನಿನ್ನನ್ನು ಸಮಾಧಾನ ಮಾಡಲು ಹೇಳುತ್ತಿಲ್ಲ, ನಿಜವಾಗಿ ಹಾಗೇ ಅನ್ನಿಸಿದೆ.

ಬುದ್ಧಿ ಹೇಳಲು ನನಗೆ ಸಂಕೋಚ. ನಿಮ್ಮ ಎಂಜಿನ್ನಿನಲ್ಲಿ ಗಾಲಿ ಜಾರಿದ್ದನ್ನು ಯಂತ್ರವೇ ಹಿಡಿದು ಪವರ್ ಇಳಿಸುತ್ತದೆ, ಉಸುಕನ್ನೂ ಬಿಡುತ್ತದೆ ಅಂತ ನೀನೇ ಹೇಳಿದ್ದೆ. ಆದರೂ ಪೆಟ್ಟಿಗೆಯಲ್ಲಿ ಉಸುಕು ಒಣಗಿದೆಯಾ ಅಂತ ಅದಕ್ಕೆ ತಿಳಿಯುವುದಿಲ್ಲ ಅಲ್ವಾ? ಕೈ ಹಾಕಿ ನೋಡು. ಕೊಳವೆಯ ಬಾಯಿ ಹಳಿಯ ನೇರಕ್ಕೆ ಇದೆಯಾ, ಬಗ್ಗಿ ನೋಡು. ಜೋರು ಮಳೆಗಿಂತ ಆಗತಾನೇ ಶುರುವಾದ ಮಳೆಗೆ ಜಾಸ್ತಿ ಎಚ್ಚರವಾಗಿರು. ನಿನ್ನ ಸಕಲೇಶಪುರದ ಘಟ್ಟದ ದಾರಿಯಲ್ಲಿ 57 ಸುರಂಗ ಇವೆ. ಸುರಂಗದೊಳಗೆ ಹಳಿಗೆ ಬಿಸಿಲೂ ಇಲ್ಲ, ತೊಳೆಯುವ ಮಳೆಯೂ ಇಲ್ಲ, ಸದಾ ತೇವ. ಅಲ್ಲಿ ಜಾರಿದರೆ ಸದ್ದು ಗೋಡೆಗೆ ಬಡಿದು ಹತ್ತು ಪಟ್ಟು ಕೇಳಿಸುತ್ತದೆ. ಎಂಥವನ ಕೈಯೂ ಮರಗಟ್ಟುತ್ತದೆ.

ಇನ್ನೊಂದು. ಆ ರಾತ್ರಿ ಕೈ ಆಡಲಿಲ್ಲ ಅಂತ ನಿನ್ನ ಪೈಲಟ್ ಸಾಹೇಬರಿಗೆ ಹೇಳಿದ್ದೀಯಾ? ಹೇಳಿದರೆ ಒಳ್ಳೆಯದು ಅನ್ನಿಸುತ್ತೆ. ಡ್ಯೂಟಿ ಮುಗಿದ ಮೇಲೆ, ಚಹಾ ಕುಡಿಯುವಾಗ. ಬೈದರೆ ಬೈಯಲಿ. ನಿನಗೆ ಇಷ್ಟವಿಲ್ಲದಿದ್ದರೆ ಬಿಡು, ನಾನು ಒತ್ತಾಯ ಮಾಡುವುದಿಲ್ಲ.

ಕಾಕಾನ ಮಗ ಅಳ್ನಾವರದಲ್ಲಿದ್ದಾನೆ ಅಂತ ಹೋದ ತಿಂಗಳು ಗೊತ್ತಾಯಿತು. ಅವನಿಗೂ ಈಗ ಅರವತ್ತು ದಾಟಿರಬೇಕು. ಹೋಗಿ ಇದನ್ನೆಲ್ಲ ಹೇಳಬೇಕು ಅಂತಿದ್ದೇನೆ. ಒಬ್ಬನೇ ಹೋಗಲು ಕಾಲು ಏಳುತ್ತಿಲ್ಲ. ನೀನು ರಜೆಗೆ ಬಂದಾಗ ಜೊತೆಗೆ ಬರುತ್ತೀಯಾ? ರಜೆ ಯಾವಾಗ ಅಂತ ಬರೆ. ಆ ರಾತ್ರಿ ಜಾರಿದ್ದು ಸುರಂಗದ ಒಳಗೋ ಹೊರಗೋ, ಅದನ್ನೂ ಬರೆ.

ನಿನ್ನ
ಅಜ್ಜ